ಟೋರಿಕ್ ಐಸಿಎಲ್ ಹಾಕಿಸ್ಕೊಂಡು ಐದಾರು ವರ್ಷ ಆದ್ಮೇಲೆ: ಕನ್ನಡಕ ಹೋಯ್ತು, ಮೈನಸ್ ಕಣ್ಣು ಹಾಗೇ ಇದೆ

ಐಸಿಎಲ್ ಅಂದ್ರೆ ಕಣ್ಣೊಳಗೆ, ನಮ್ಮ ಮಸೂರದ ಮುಂದೆ ಕೂರಿಸೋ ಲೆನ್ಸು; ಸಿಲಿಂಡರ್ ಪವರನ್ನೂ ತಿದ್ದೋದಾದ್ರೆ ಅದು ಟೋರಿಕ್. ಈ ಲೆನ್ಸ್ ಬಗ್ಗೆ ಆಪರೇಷನ್ ಆಗಿ ತಿಂಗಳೊಳಗೆ ಬರೆದಿರೋ ವಿಮರ್ಶೆಗಳು ಬೇಕಾದಷ್ಟು ಸಿಗುತ್ತೆ, ಎಲ್ಲದ್ರಲ್ಲೂ ಬೆಳಿಗ್ಗೆ ಎದ್ದ ತಕ್ಷಣ ಗೋಡೆ ಗಡಿಯಾರ ಕಾಣಿಸ್ತು, ಅಳು ಬಂತು, ಐದು ಸ್ಟಾರ್. ಸುಳ್ಳಲ್ಲ, ನನಗೂ ಕಾಣಿಸ್ತು. ಆದ್ರೆ ನಾಕೈದು ವರ್ಷ ಕಳೆದವರು ಬರೆದಿದ್ದು ಹುಡುಕಿದ್ರೆ ಅಷ್ಟಾಗಿ ಸಿಗಲ್ಲ, ಅದಕ್ಕೇ ಇದು.

ನನ್ನ ಪವರ್ ಹೇಳ್ಬಿಡ್ತೀನಿ. ಬಲಗಣ್ಣು ಮೈನಸ್ 9.5, ಸಿಲಿಂಡರ್ (ಒಂದು ದಿಕ್ಕಲ್ಲಿ ಮಾತ್ರ ಇರೋ ಹೆಚ್ಚಿನ ಪವರ್) 2.25. ಎಡಗಣ್ಣು ಮೈನಸ್ 8.75, ಸಿಲಿಂಡರ್ 1.5. ಶಾಲೇಲಿ ಸೋಡಾಬುಡ್ಡಿ ಅನ್ನಿಸ್ಕೊಂಡೇ ಬೆಳೆದಿದ್ದು. 2019ರ ಕೊನೇಲಿ, ದೀಪಾವಳಿ ಎಣ್ಣೆಸ್ನಾನ ಎಲ್ಲಾ ಮುಗಿಸ್ಕೊಂಡು (ಆಮೇಲೆ ತಲೆಗೆ ನೀರು ಹಾಕೋ ಹಾಗಿಲ್ಲ ಅಂತ ಅಮ್ಮನೇ ಹಟ ಹಿಡಿದು ಮುಂದಕ್ಕೆ ಹಾಕಿಸಿದ್ರು) ಬೆಂಗಳೂರಲ್ಲಿ ಎರಡೂ ಕಣ್ಣಿಗೆ ಸ್ಟಾರ್ ಸರ್ಜಿಕಲ್ ಕಂಪನಿಯ ಟೋರಿಕ್ ಐಸಿಎಲ್ ಹಾಕಿಸ್ಕೊಂಡೆ. ಮಧ್ಯದಲ್ಲಿ ಸಣ್ಣ ತೂತು ಇರೋ ಮಾಡೆಲ್. ಯುರೋಪಲ್ಲಿ ಅದು 2011ರಿಂದ ಇದೆ, ಅಮೆರಿಕದಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು 2022ರ ಮಾರ್ಚಲ್ಲಿ. ಅಲ್ಲಿರೋ ನಮ್ಮ ಚಿಕ್ಕಪ್ಪನ ಮಗನಿಗೆ ಅವನ ಊರಲ್ಲಿ ಇನ್ನೂ ಸಿಗ್ತಿರ್ಲಿಲ್ಲ, ನನ್ನ ಕಣ್ಣೊಳಗೆ ಇತ್ತು. ಈ ಒಂದು ವಿಷಯಕ್ಕೆ ಅವನನ್ನ ಇವತ್ತಿಗೂ ರೇಗಿಸ್ತೀನಿ.

ಲೇಸಿಕ್, ಅಂದ್ರೆ ಲೇಸರಲ್ಲಿ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಕೆರೆದು ಪವರ್ ತೆಗೆಯೋದು, ಯಾಕೆ ಬೇಡ ಅಂದ್ರು ಅಂತ ಎಲ್ರೂ ಕೇಳ್ತಾರೆ. ನನ್ನ ಕಾರ್ನಿಯಾ ದಪ್ಪ 490 ಮೈಕ್ರಾನ್ ಆಸುಪಾಸು. ಲೇಸಿಕಲ್ಲಿ ಒಂದು ಡಯಾಪ್ಟರ್ (ಪವರಿನ ಅಳತೆ) ತೆಗೆಯೋಕೆ ಸುಮಾರು 13-14 ಮೈಕ್ರಾನ್ ಕೆರೀತಾರೆ, ಮೊದಲು ಮೇಲೆತ್ತೋ ತೆಳು ಪದರಕ್ಕೆ (ಫ್ಲ್ಯಾಪ್) 100 ಚಿಲ್ಲರೆ, ಕಳೆದು ನೋಡಿದ್ರೆ ಕೆಳಗೆ ಉಳಿಯೋದು ಕನಿಷ್ಠ ಇರ್ಲೇಬೇಕು ಅನ್ನೋ 250ರ ಅಂಚಿಗೆ ಬರುತ್ತೆ. ಐಸಿಎಲಲ್ಲಿ ಕಾರ್ನಿಯಾ ಕೆರೆಯಲ್ಲ, ಅಂಚಲ್ಲಿ ಮೂರು ಮಿಲಿಮೀಟರ್‌ನಷ್ಟು ಕೊಯ್ದು ಮಡಚಿದ ಲೆನ್ಸನ್ನ ಒಳಗೆ ಬಿಟ್ಟು, ಅದು ಬಿಚ್ಕೊಂಡ್ಮೇಲೆ ನಾಕು ಮೂಲೆ ಒಂದೊಂದಾಗಿ ಐರಿಸ್ (ಕಣ್ಣಿನ ಬಣ್ಣದ ಭಾಗ) ಹಿಂದಕ್ಕೆ ಸೇರಿಸ್ತಾರೆ, ನಮ್ಮ ಸ್ವಂತ ಮಸೂರ ಅದರ ಹಿಂದೆ ಹಾಗೇ ಇರುತ್ತೆ. ಬೇಕಾದ್ರೆ ಮುಂದೆ ತೆಗೀಬಹುದು. ನೋವಿಲ್ಲ, ಆದ್ರೆ ಮೂಲೆ ಸೇರಿಸುವಾಗ ಕಣ್ಣನ್ನ ಒಳಗಿಂದ ಒತ್ತಿದ ಹಾಗೆ ಆಗುತ್ತೆ, ಆ ಲೈಟು ಬೇರೆ.

ಟೋರಿಕ್‌ನವರು ಒಂದು ಗಮನಿಸಿ. ಥಿಯೇಟರ್‌ಗೆ ಹೋಗೋ ಮುಂಚೆ ನನ್ನನ್ನ ನೆಟ್ಟಗೆ ಕೂರಿಸಿ ಕಣ್ಣಿನ ಬಿಳಿ ಭಾಗದ ಅಂಚಿಗೆ ಪೆನ್ನಲ್ಲಿ ಗುರುತು ಹಾಕಿದ್ರು. ಮಲಗಿದ್ರೆ ಕಣ್ಣು ಸ್ವಲ್ಪ ತಿರುಗುತ್ತಂತೆ, ಮಲಗಿಸ್ಕೊಂಡು ಆಕ್ಸಿಸ್ (ಸಿಲಿಂಡರ್ ಇರೋ ಕೋನ) ಅಳೆದ್ರೆ ಲೆಕ್ಕ ತಪ್ಪುತ್ತೆ. ಸಿಲಿಂಡರ್ ತಿದ್ದೋ ಲೆನ್ಸು ಒಂದು ಡಿಗ್ರಿ ಆಚೀಚೆ ಆದ್ರೆ ಶೇ 3ರ ಮೇಲೆ ಎಫೆಕ್ಟ್ ಹೋಗುತ್ತೆ, 30 ಡಿಗ್ರಿ ತಿರುಗಿದ್ರೆ ಸಿಲಿಂಡರ್ ಮಟ್ಟಿಗೆ ಹಾಕಿಸಿದ್ದೇ ದಂಡ. ನನ್ನ ಬಲಗಣ್ಣಿಂದು ಏಳು ಡಿಗ್ರಿಯಷ್ಟು ತಿರುಗಿ ಕೂತಿದೆ, ಅರ್ಧ ಡಯಾಪ್ಟರ್ ಸಿಲಿಂಡರ್ ಉಳ್ಕೊಂಡಿದೆ. ಮತ್ತೆ ಒಳಗೆ ಕರ್ಕೊಂಡು ಹೋಗಿ ತಿರುಗಿಸಬಹುದು, ಆದ್ರೆ ಇಷ್ಟಕ್ಕೆ ಇನ್ನೊಂದ್ಸಲ ಕಣ್ಣು ಕೊಯ್ಯೋದು ಬೇಡ ಅಂದ್ರು ಡಾಕ್ಟ್ರು, ನಾನೂ ಹೂಂ ಅಂದೆ. ಹಗಲು ಗೊತ್ತೇ ಆಗಲ್ಲ. ರಾತ್ರಿ ಮೆಜೆಸ್ಟಿಕ್ಕಲ್ಲಿ ಬಸ್ಸಿನ ಎಲ್‌ಇಡಿ ಬೋರ್ಡ್ ನೋಡುವಾಗ ಎಡಗಣ್ಣು ಮುಚ್ಚಿದ್ರೆ ನಂಬರ್‌ಗಳಿಗೆ ಪಕ್ಕದಲ್ಲಿ ತೆಳ್ಳಗೆ ನೆರಳು ಇರುತ್ತೆ.

ಸೈಜಿಂದು ಇನ್ನೊಂದು ತಲೆನೋವು. ಲೆನ್ಸ್ ಬರೋದು ನಾಕೇ ಅಳತೇಲಿ, 12.1, 12.6, 13.2, 13.7 ಮಿಲಿಮೀಟರ್. ಚಪ್ಪಲಿ ಅಂಗಡಿ ಥರಾನೇ, ಏಳೂವರೆ ಕಾಲಿನವರು ಏಳಕ್ಕೋ ಎಂಟಕ್ಕೋ ಹೊಂದ್ಕೋಬೇಕು. ಹೊಸ ಲೆನ್ಸಿಗೂ ನಮ್ಮ ಮಸೂರಕ್ಕೂ ನಡುವೆ ಉಳಿಯೋ ಸಂದಿಗೆ ವಾಲ್ಟ್ ಅಂತಾರೆ. ತೀರಾ ಕಮ್ಮಿ ಆದ್ರೆ ಮುಂದೆ ಪೊರೆ ಬರೋ ಭಯ, ಜಾಸ್ತಿ ಆದ್ರೆ ಐರಿಸ್ಸನ್ನ ಮುಂದಕ್ಕೆ ತಳ್ಳಿ ಕಣ್ಣಿನ ಪ್ರೆಶರ್ ಏರೋ ಭಯ. 250ರಿಂದ 750 ಮೈಕ್ರಾನ್ ಒಳಗಿದ್ರೆ ನೆಮ್ಮದಿ ಅಂತಾರೆ. ವಯಸ್ಸಾಗ್ತಾ ನಮ್ಮ ಮಸೂರ ದಪ್ಪ ಆಗೋದ್ರಿಂದ ಈ ಸಂದಿ ನಿಧಾನಕ್ಕೆ ಇಳಿಯುತ್ತೆ, ನಂದೂ ಇಳೀತಿದೆ, ಸದ್ಯಕ್ಕೆ ಒಳ್ಳೇ ಜಾಗದಲ್ಲೇ ಇದೆ. ಅದಕ್ಕೇ ವರ್ಷಕ್ಕೊಂದ್ಸಲ ಸ್ಕ್ಯಾನು, ಪ್ರೆಶರು, ಕಾರ್ನಿಯಾ ಹಿಂದಿನ ಸೆಲ್‌ಗಳ ಎಣಿಕೆ, ರೆಟಿನಾ (ಕಣ್ಣೊಳಗೆ ಹಿಂದೆ ಚಿತ್ರ ಮೂಡೋ ಪದರ). ಪ್ಯಾಕೇಜ್ ಮಾರುವಾಗ ಕೌನ್ಸೆಲರ್ "ಒಂದ್ಸಲ ಹಾಕಿಸಿದ್ರೆ ಮುಗೀತು ಸರ್" ಅಂದಿದ್ರು. ಮುಗಿಯಲ್ಲ. ಫಾಲೋಅಪ್ ಖರ್ಚು ಎಷ್ಟು ವರ್ಷ ಪ್ಯಾಕೇಜಲ್ಲಿ ಸೇರಿದೆ ಅಂತ ಬರವಣಿಗೇಲಿ ಕೇಳಿ, ನನಗೆ ಒಂದು ವರ್ಷ ಆದ್ಮೇಲೆ ಪ್ರತೀದಕ್ಕೂ ಬಿಲ್ ಬಂತು.

ಶುರುವಿನ ವಾರಗಳಲ್ಲೂ ಒಂದು ಗಾಬರಿ ಆಗಿತ್ತು. ಪ್ರೆಶರ್ 28ಕ್ಕೆ ಹೋಗಿತ್ತು, ಇರಬೇಕಾದ್ದು 21ರ ಒಳಗೆ. ಕಾರಣ ಲೆನ್ಸ್ ಅಲ್ಲ, ಸ್ಟೀರಾಯ್ಡ್ ಡ್ರಾಪ್ಸ್. ಕೆಲವರ ಮೈಗೆ ಅದು ಆಗಲ್ಲ, ಡ್ರಾಪ್ಸ್ ಬದಲಾಯಿಸಿದ್ಮೇಲೆ ಇಳೀತು. ಕಣ್ಣು ಚೆನ್ನಾಗೇ ಕಾಣ್ತಿತ್ತು, ನೋವೂ ಇರ್ಲಿಲ್ಲ, ಅಳೆಯದಿದ್ರೆ ಗೊತ್ತೇ ಆಗ್ತಿರ್ಲಿಲ್ಲ, ಹಾಗಾಗಿ ಚೆನ್ನಾಗಿದೆ ಅಂತ ಚೆಕಪ್ ತಪ್ಪಿಸ್ಬೇಡಿ.

ಒಳ್ಳೇದೂ ಹೇಳ್ಬೇಕಲ್ಲ. ದಪ್ಪ ಮೈನಸ್ ಗ್ಲಾಸು ಪ್ರಪಂಚನ ಚಿಕ್ಕದು ಮಾಡಿ ತೋರಿಸುತ್ತೆ, ಹುಟ್ಟಿದಾಗಿಂದ ಹಾಗೇ ನೋಡಿ ಅಭ್ಯಾಸ ಆಗಿರೋದ್ರಿಂದ ನಮಗೆ ಗೊತ್ತಿರಲ್ಲ. ಬ್ಯಾಂಡೇಜ್ ತೆಗೆದ್ಮೇಲೆ ಮನೇಲಿ ಊಟಕ್ಕೆ ಕೂತ್ರೆ ತಟ್ಟೆ ದೊಡ್ಡದಾಗಿತ್ತು, ನನ್ನ ಕೈ ದೊಡ್ಡದಾಗಿತ್ತು, ಕನ್ನಡೀಲಿ ನನ್ನ ಕಣ್ಣು ನೋಡಿ ನಾನೇ ಬೆಚ್ಚಿದೆ. ಮಳೇಲಿ ಬೈಕ್ ಓಡಿಸೋ ಸುಖ, ಹೆಲ್ಮೆಟ್ ಒಳಗೆ ಕನ್ನಡಕ ತುರುಕೋ ಕಾಟ ಇಲ್ಲ, ಪಕ್ಕಕ್ಕೆ ನೋಡಿದ್ರೂ ಎಲ್ಲಾ ಕ್ಲಿಯರ್. ಕಣ್ಣು ಒಣಗೋ ತೊಂದ್ರೆ ನನಗಂತೂ ಹೊಸದಾಗಿ ಬರ್ಲಿಲ್ಲ.

ರಿಂಗ್ ಕಾಣಿಸುತ್ತಾ? ಕಾಣಿಸುತ್ತೆ. ಲೆನ್ಸ್ ಮಧ್ಯದ ಆ ತೂತು 0.36 ಮಿಲಿಮೀಟರ್, ಐರಿಸ್‌ಗೆ ಲೇಸರಲ್ಲಿ ರಂಧ್ರ ಕೊರೆಯೋ ಹಳೇ ಪದ್ಧತಿ ತಪ್ಪಿಸಿದ್ದು ಅದೇ, ಕಣ್ಣೊಳಗಿನ ನೀರು ಅದರಲ್ಲೇ ಹರಿಯುತ್ತೆ. ಆದ್ರೆ ಬೆಳಕು ಓರೆಯಾಗಿ ಬಿದ್ರೆ ಅದರ ಅಂಚು ತೆಳು ಉಂಗುರ ಎಬ್ಬಿಸುತ್ತೆ. ಮೊದಲ ತಿಂಗಳುಗಳಲ್ಲಿ ಪ್ರತಿ ಬೀದಿದೀಪಕ್ಕೂ ಒಂದೊಂದು. ಈಗ ಹುಡುಕಿದ್ರೆ ಮಾತ್ರ, ಆದ್ರೆ ಹೈಬೀಮ್ ಹಾಕ್ಕೊಂಡು ಬರೋ ಲಾರಿ ಎದುರಾದ್ರೆ ಹುಡುಕೋದೇ ಬೇಡ. ರಾತ್ರಿ ಡ್ರೈವಿಂಗೇ ಹೊಟ್ಟೆಪಾಡು ಆಗಿರೋರು ಎರಡ್ಸಲ ಯೋಚ್ನೆ ಮಾಡಿ.

ದುಡ್ಡು: ಎರಡೂ ಕಣ್ಣಿಗೆ ಎರಡು ಲಕ್ಷ ದಾಟ್ತು. ವಡೋದರದ ಕೇರ್ ಗ್ರೂಪ್‌ನವರ ಐಪಿಸಿಎಲ್ ಅಂತ ನಮ್ಮ ದೇಶದ್ದೇ ಲೆನ್ಸ್ ಇದೆ, ಅಕ್ರಿಲಿಕ್, ನನಗೆ ಹೇಳಿದ ರೇಟು ಸಾಕಷ್ಟು ಕಮ್ಮಿ ಇತ್ತು. ಇನ್ಶೂರೆನ್ಸ್ ವಿಷಯ ಮಾತ್ರ ಗಟ್ಟಿಯಾಗಿ ಹಿಡ್ಕೊಳ್ಳಿ. ಈಗ ಐಆರ್‌ಡಿಎಐನವರ (ಇನ್ಶೂರೆನ್ಸ್ ಕಂಪನಿಗಳ ನಿಯಂತ್ರಕರು) ಸ್ಟ್ಯಾಂಡರ್ಡ್ ನಿಯಮದಲ್ಲಿ ಹೊರಗಿಟ್ಟಿರೋದು 7.5 ಡಯಾಪ್ಟರ್‌ಗಿಂತ ಕಮ್ಮಿ ಪವರಿನ ಚಿಕಿತ್ಸೆಯನ್ನ. ಅದಕ್ಕಿಂತ ಜಾಸ್ತಿ ಇದ್ರೆ ಕೇಳೋದಕ್ಕೆ ದಾರಿ ಇದೆ. ನಂದು ಮೊದಲು "ಕಾಸ್ಮೆಟಿಕ್" ಅಂತ ವಾಪಸ್ ಬಂತು. ಪವರ್ ರಿಪೋರ್ಟು, ಲೇಸಿಕ್ ಆಗಲ್ಲ ಅಂತ ಡಾಕ್ಟರ್ ಬರೆದ ಪತ್ರ ಎಲ್ಲಾ ಸೇರಿಸಿ ಮತ್ತೆ ಮತ್ತೆ ಮೇಲ್ ಹಾಕಿದ್ಮೇಲೆ ಅರ್ಧಕ್ಕಿಂತ ಜಾಸ್ತಿ ಕೊಟ್ರು. ನಿಮ್ಮ ಪಾಲಿಸೀಲಿ ಏನಿದೆ ಅಂತ ಓದ್ಕೊಂಡೇ ಡೇಟ್ ಫಿಕ್ಸ್ ಮಾಡಿ.

ಯಾರೂ ಮುಂಚೆ ಹೇಳದಿದ್ದ ನಷ್ಟ ಒಂದಿದೆ. ಹೈ ಮೈನಸ್ ಇದ್ದೋರಿಗೆ ಕನ್ನಡಕ ತೆಗೆದ್ರೆ ಹತ್ತಿರದ್ದು ಭೂತಗನ್ನಡಿ ಇಟ್ಟಂಗೆ ಕಾಣುತ್ತೆ. ಅಕ್ಕನ ಮಗಳ ಬೆರಳಿಗೆ ಮುಳ್ಳು ಚುಚ್ಚಿದ್ರೆ ಮನೇಲೆಲ್ಲಾ ನನ್ನನ್ನೇ ಕರೀತಿದ್ರು, ಮೂಗಿನ ಹತ್ರ ಹಿಡ್ಕೊಂಡು ಸಲೀಸಾಗಿ ತೆಗೀತಿದ್ದೆ. ಆ ಶಕ್ತಿ ಹೋಯ್ತು. ನಲವತ್ತು ಹತ್ತಿರ ಬರ್ತಿದೆ, ಮಾತ್ರೆ ಸ್ಟ್ರಿಪ್ ಮೇಲಿನ ಎಕ್ಸ್‌ಪೈರಿ ಡೇಟ್ ಓದೋಕೆ ಕೈ ಚಾಚೋದು ಶುರುವಾಗಿದೆ. ಚಾಳೀಸು ಬಂದಾಗ ಓದೋ ಕನ್ನಡಕ ಬೇಕೇ ಬೇಕು, ಅದನ್ನ ಈ ಲೆನ್ಸ್ ತಪ್ಪಿಸಲ್ಲ.

ಕಣ್ಣುಗುಡ್ಡೆ ಉದ್ದ ಇರೋದೂ ಹಾಗೇ ಉದ್ದ, ರೆಟಿನಾ ತೆಳ್ಳಗಿರೋದೂ ಹಾಗೇ. ಆಪರೇಷನ್‌ಗೆ ಮುಂಚೆ ನನ್ನ ಎಡ ರೆಟಿನಾದ ಅಂಚಲ್ಲಿ ತೆಳುವಾದ ಜಾಗ ಸಿಕ್ಕಿ ಲೇಸರ್ ಹೊಡೆದಿದ್ರು. ದಿಢೀರ್ ಅಂತ ಮಿಂಚು, ಕಪ್ಪು ಚುಕ್ಕಿಗಳ ಸುರಿಮಳೆ, ಪರದೆ ಎಳೆದಂಗೆ ಆದ್ರೆ ಅವತ್ತೇ ಆಸ್ಪತ್ರೆಗೆ ಓಡಿ, ಕನ್ನಡಕ ಇಲ್ಲ ಅಂತ ಮೈನಸ್ ಇಲ್ಲ ಅಂದ್ಕೋಬೇಡಿ.

ಕೊನೇದಾಗಿ, ಲೆನ್ಸಿನ ಪವರ್, ಸೈಜ್, ಸೀರಿಯಲ್ ನಂಬರ್ ಇರೋ ಇಂಪ್ಲಾಂಟ್ ಕಾರ್ಡ್ ಕೊಡ್ತಾರೆ, ಅದನ್ನೂ ಆಪರೇಷನ್ ಮುಂಚಿನ ಕಣ್ಣಿನ ಅಳತೆ ರಿಪೋರ್ಟನ್ನೂ ಫೋಟೋ ತೆಗೆದು ಇಟ್ಕೊಳ್ಳಿ. ಅರವತ್ತಕ್ಕೋ ಎಪ್ಪತ್ತಕ್ಕೋ ಪೊರೆ ಬಂದಾಗ ಈ ಲೆನ್ಸ್ ತೆಗೆದೇ ಪೊರೆ ಆಪರೇಷನ್ ಮಾಡ್ಬೇಕು, ಆವಾಗ ನೋಡೋ ಡಾಕ್ಟ್ರಿಗೆ ಇವೆರಡೂ ಬೇಕಾಗುತ್ತೆ.