ಕಲಬುರಗಿಯಿಂದ ಯುರೋಪ್ ಕಾರ್ ಟ್ರಿಪ್: ಟ್ರಾವೆಲ್ಸ್‌ನವರ ಫೈಲಿಗೆ ಐದು ಸ್ಟಾರ್, ರೂಟಿಗೆ ಎರಡು

ವೀಸಾ ಫೈಲ್ ಮಾಡಿಸಲು ಈ ಆಫೀಸಿಗೆ ಕಣ್ಣು ಮುಚ್ಚಿ ಹೋಗಿ. ರೂಟ್ ಮಾತ್ರ ಅವರ ಕೈಗೆ ಕೊಡಬೇಡಿ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ಬಿಡಬಹುದು.

ಹೆಸರು ಹಾಕುತ್ತಿಲ್ಲ. ಸ್ಟೇಷನ್ ರಸ್ತೆ ಕಡೆಯ ಸಣ್ಣ ಆಫೀಸು, ಎರಡು ಟೇಬಲ್, ಒಂದು ಕೂಲರ್. ಹೆಚ್ಚಿನ ವ್ಯಾಪಾರ ವಿಮಾನದ ಟಿಕೆಟ್ ಮತ್ತು ಉಮ್ರಾ ಪ್ಯಾಕೇಜಿನದು. ಕಾರು ಬಾಡಿಗೆಗೆ ಪಡೆದು ನಾವೇ ಓಡಿಸಿಕೊಂಡು ನಾಲ್ಕೈದು ದೇಶ ಸುತ್ತುತ್ತೇವೆ ಅಂದಾಗ ಮಾಲೀಕರು ಒಂದು ಕ್ಷಣ ನಮ್ಮ ಮನೆಯವರ ಮುಖ ನೋಡಿದರು. ಓಡಿಸುವವಳು ನಾನು. ಮನೆಯವರದು ನಕ್ಷೆ ಮತ್ತು ಚಹಾದ ಖಾತೆ. ಹಿಂದಿನ ಸೀಟಿಗೆ ನಮ್ಮ ನಾದಿನಿ.

ಮೊದಲು ಒಳ್ಳೆಯದು ಹೇಳುತ್ತೇನೆ, ಅದೇ ಜಾಸ್ತಿ ಇದೆ. ಅಲ್ಲಿ ಫೈಲ್ ನೋಡುವ ಹುಡುಗ ಒಬ್ಬನಿದ್ದಾನೆ, ಚುರುಕು ಅಂದರೆ ಚುರುಕು. ನನ್ನ ಡ್ರೈವಿಂಗ್ ಲೈಸೆನ್ಸ್ ಮತ್ತು ಪಾಸ್‌ಪೋರ್ಟ್ ಎರಡನ್ನೂ ಪಕ್ಕಪಕ್ಕ ಇಟ್ಟ. ಲೈಸೆನ್ಸಿನಲ್ಲಿ ತಂದೆಯ ಹೆಸರು ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ. "ಮೇಡಂ, ಇದನ್ನ ಮೊದಲು ಸರಿ ಮಾಡಿಸ್ರಿ, ಕಾರು ಕೊಡೋ ಕೌಂಟರಿನಾಗ ತಕರಾರು ತೆಗೀತಾರ" ಅಂದ. ಅದು ಸರಿಯಾದ ಮೇಲೆಯೇ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ಗೆ ಅರ್ಜಿ ಹಾಕಿಸಿದ. ಅದನ್ನು ನಮ್ಮ ಆರ್‌ಟಿಓನೇ ಕೊಡುತ್ತದೆ, ಒಂದು ವರ್ಷ ನಡೆಯುತ್ತದೆ, ಊರಿನ ಲೈಸೆನ್ಸ್ ಜೊತೆಯಲ್ಲೇ ತೋರಿಸಬೇಕು. ಎಷ್ಟೋ ಜನ ಇದನ್ನು ಕೊನೆಯ ವಾರಕ್ಕೆ ಇಟ್ಟುಕೊಂಡು ಒದ್ದಾಡುತ್ತಾರಂತೆ.

ಯಾವ ದೇಶದ ವೀಸಾ ಕೇಳಬೇಕು ಅನ್ನುವುದನ್ನೂ ಚೆನ್ನಾಗಿ ತಿಳಿಸಿದ. ಯುರೋಪಿನ ಹಲವು ದೇಶಗಳಿಗೆ ಷೆಂಗೆನ್ ವೀಸಾ ಒಂದೇ ಆದರೂ ಅರ್ಜಿ ಹಾಕುವುದು ಹೆಚ್ಚು ದಿನ ಇರುವ ದೇಶಕ್ಕೆ. ಎಲ್ಲ ಕಡೆ ಸಮ ದಿನ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಅರ್ಜಿ ಕೊಡುವ ಸ್ಲಾಟ್ ಬೇಗ ಸಿಗುತ್ತದೆ ಅಂತ ಬೇರೆ ದೇಶದ ಹೆಸರಲ್ಲಿ ಹಾಕಿಸುವ ಏಜೆಂಟರು ಇದ್ದಾರೆ, ಈ ಹುಡುಗ ಆ ದಾರಿ ಹಿಡಿಯಲಿಲ್ಲ. ಕೊನೆಗೆ ನಾವು ಹೋದ ರೂಟಿನ ಪ್ರಕಾರ ನಮ್ಮದು ಜರ್ಮನಿ. ದೊಡ್ಡವರಿಗೆ ಫೀ 90 ಯೂರೋ, ಅರ್ಜಿ ತೆಗೆದುಕೊಳ್ಳುವ ವೀಸಾ ಸೆಂಟರಿನವರ ಸರ್ವಿಸ್ ಚಾರ್ಜ್ ಬೇರೆ. ಪ್ರಯಾಣದ ವೈದ್ಯಕೀಯ ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಬೇಕು. ಬೆರಳಚ್ಚು ಕೊಡಲು ನಾವೇ ಹೋಗಬೇಕು. ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಸಂಜೆ ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದೆವು. ವೀಸಾ ಸೆಂಟರಿನ ಕೌಂಟರಿನಲ್ಲಿದ್ದ ಹೆಣ್ಣುಮಗಳು ಫೈಲ್ ತಿರುವಿ ಹಾಕಿದಳು. ಒಂದು ಹಾಳೆಯನ್ನೂ ಹಿಂದೆ ಕೊಡಲಿಲ್ಲ, ಒಂದನ್ನೂ ಹೊಸದಾಗಿ ಕೇಳಲಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟು, ಐಟಿ ರಿಟರ್ನು, ಶಾಲೆಯ ರಜೆ ಪತ್ರ, ಎಲ್ಲ ಅವಳು ಕೇಳುವ ಕ್ರಮದಲ್ಲೇ ಇದ್ದವು.

ಬುತ್ತಿಯ ವಿಷಯದಲ್ಲೂ ಅವನ ಮಾತು ಕೇಳಿದ್ದು ಒಳ್ಳೆಯದಾಯಿತು. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯಲು ಅಲ್ಲಿ ಬಿಡುವುದಿಲ್ಲ. ನಾದಿನಿ ಕಟ್ಟಿಟ್ಟಿದ್ದ ತುಪ್ಪ, ಪೇಡೆ ಮನೆಯಲ್ಲೇ ಉಳಿದವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಬಂದವು.

ಈಗ ರೂಟ್. ಇದನ್ನು ಮಾಡಿದವರು ಮಾಲೀಕರು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿಯುವುದು, ಬ್ರಸೆಲ್ಸ್, ಪ್ಯಾರಿಸ್, ಲುಸರ್ನ್, ಇನ್ಸ್‌ಬ್ರುಕ್, ವೆನಿಸ್, ಕೊನೆಗೆ ರೋಮಿನಲ್ಲಿ ಕಾರು ಬಿಟ್ಟು ವಿಮಾನ. ನೋಡಿದ ಕೂಡಲೇ ಗೊತ್ತಾಯಿತು, ಯಾವುದೋ ಬಸ್ ಟೂರಿನ ಪಟ್ಟಿ ಇದು, ಬಸ್ ತೆಗೆದು ಕಾರು ಇಟ್ಟಿದ್ದಾರೆ. ಪ್ಯಾರಿಸ್‌ನಿಂದ ಲುಸರ್ನ್ 600 ಕಿಲೋಮೀಟರ್ ಹತ್ತಿರ. "ಆರು ತಾಸ್ರೀ ಮೇಡಂ, ರೋಡ್ ಮಸ್ತ್ ಅದಾವ" ಅಂದರು. ರೋಡ್ ಮಸ್ತೇ, ಯಾರು ಇಲ್ಲ ಅಂದರು? ಆದರೆ ಅಲ್ಲಿ ಬಸ್ ಓಡಿಸುವವನಿಗೇ ನಾಲ್ಕೂವರೆ ತಾಸು ಓಡಿಸಿದ ಮೇಲೆ 45 ನಿಮಿಷ ಬಿಡುವು ಕಡ್ಡಾಯ, ಕಾನೂನೇ ಇದೆ. ನಾನು ಎಡಗಡೆ ಸ್ಟೇರಿಂಗ್ ಇರುವ ಕಾರಿನಲ್ಲಿ, ರಸ್ತೆಯ ಬಲಕ್ಕೆ, ಗೊತ್ತಿಲ್ಲದ ಬೋರ್ಡು ಓದುತ್ತಾ ಹೋಗುವವಳು. ವೆನಿಸ್ ಊರೊಳಗೆ ಕಾರೇ ಹೋಗುವುದಿಲ್ಲ, ಹೊರಗೆ ನಿಲ್ಲಿಸಿ ದುಡ್ಡು ಕಟ್ಟಬೇಕು. ಇಟಲಿಯ ಹಳೇ ಪೇಟೆಗಳಲ್ಲಿ ಹೊರಗಿನ ಕಾರು ನುಗ್ಗಿದರೆ ಕ್ಯಾಮೆರಾ ಹಿಡಿದು ದಂಡದ ಚೀಟಿ ಆಮೇಲೆ ಮನೆಗೆ ಬರುತ್ತದೆ. ಇದೆಲ್ಲ ಪ್ಲಾನಿನಲ್ಲಿ ಒಂದಕ್ಷರ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ಖರ್ಚು, ಒಂದು ದೇಶದಲ್ಲಿ ಪಡೆದ ಕಾರನ್ನು ಇನ್ನೊಂದು ದೇಶದಲ್ಲಿ ಬಿಟ್ಟರೆ ಹಾಕುವ ಚಾರ್ಜು. ಅದೂ ಇರಲಿಲ್ಲ.

ಆ ಪಟ್ಟಿ ಬದಿಗಿಟ್ಟು ನಾವೇ ರೂಟ್ ಮಾಡಿಕೊಂಡೆವು. ಮ್ಯೂನಿಕ್‌ನಲ್ಲಿ ಕಾರು ಪಡೆದು ಫ್ರಾಂಕ್‌ಫರ್ಟ್‌ನಲ್ಲಿ ಬಿಡುವುದು, ಎರಡೂ ಜರ್ಮನಿಯೇ. ನಡುವೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್, ಇನ್ಸ್‌ಬ್ರುಕ್, ಲಿಕ್ಟನ್‌ಸ್ಟೈನಿನ ವಡೂಜ್, ಸ್ವಿಟ್ಜರ್ಲೆಂಡಿನ ಲುಸರ್ನ್, ರೈನ್ ಜಲಪಾತ, ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್, ಫ್ರಾನ್ಸಿನ ಕೋಲ್ಮಾರ್, ಸ್ಟ್ರಾಸ್‌ಬರ್ಗ್. ಹೆಚ್ಚಿನ ದಿನ 200 ಕಿಲೋಮೀಟರ್ ದಾಟುವುದಿಲ್ಲ, ನಮ್ಮ ಸೊಲ್ಲಾಪುರಕ್ಕೆ ಹೋಗಿ ಬಂದಷ್ಟೂ ಇಲ್ಲ. ಐದು ದೇಶವೂ ಆಗುತ್ತದೆ, ಹೆಚ್ಚು ರಾತ್ರಿ ಜರ್ಮನಿಯಲ್ಲೇ ಉಳಿದಿದ್ದರಿಂದ ವೀಸಾ ಲೆಕ್ಕವೂ ಕೂಡುತ್ತದೆ. ಮಾಲೀಕರು ಸ್ವಲ್ಪ ಮುಖ ಸಣ್ಣ ಮಾಡಿಕೊಂಡರು. "ಪ್ಯಾರಿಸ್ ನೋಡದ ಬಂದ್ರಂದ್ರ ಮಂದಿ ಏನಂತಾರ್ರೀ?" ಮಂದಿ ಏನಾದರೂ ಅನ್ನಲಿ.

ಕಾರಿನ ಬುಕಿಂಗ್ ಕಾಗದ ಬಂದಾಗ ನೋಡಿದರೆ ಡ್ರೈವರ್ ಜಾಗದಲ್ಲಿ ನಮ್ಮ ಮನೆಯವರ ಹೆಸರು! ನಾನು ಹೆಚ್ಚುವರಿ ಡ್ರೈವರ್, ಅದಕ್ಕೆ ದಿನಕ್ಕಿಷ್ಟು ಅಂತ ಬೇರೆ ದುಡ್ಡು. "ಯಜಮಾನರ ಹೆಸರಿನ್ಯಾಗೇ ಇರ್ಲಿ ಬಿಡ್ರಿ ಮೇಡಂ, ಚಂದ ಇರ್ತದ" ಅಂದರು ಮಾಲೀಕರು. ಚಂದಕ್ಕೆ ಕಾರು ಕೊಡುವುದಿಲ್ಲ ಅಲ್ವಾ? ಡೆಪಾಸಿಟ್ ಹಿಡಿಯುವುದು ಮುಖ್ಯ ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡಿನ ಮೇಲೆ. ಮನೆಯವರ ಹತ್ತಿರ ಇರುವುದು ಡೆಬಿಟ್ ಕಾರ್ಡು. ಅದೂ ಅಲ್ಲದೆ ಗೇರಿನ ಕಾರು ಹಾಕಿದ್ದರು, ಬಲಗೈಯಲ್ಲಿ ಗೇರ್ ಬದಲಿಸುವುದು. ಎರಡನ್ನೂ ತಿದ್ದಿಸಿ ಆಟೊಮ್ಯಾಟಿಕ್ ಹಾಕಿಸುವಷ್ಟರಲ್ಲಿ ಬಾಡಿಗೆ ಏರಿತ್ತು. ಏರಿದ ದುಡ್ಡು ನಮ್ಮ ತಲೆಗೇ ಬಂತು. ಎರಡು ಸ್ಟಾರ್ ಕೊಟ್ಟಿದ್ದು ಮುಖ್ಯವಾಗಿ ಇದಕ್ಕೆ.

ಖರ್ಚಿನ ಪಟ್ಟಿಯಲ್ಲೂ ತೂತುಗಳಿದ್ದವು. ಜರ್ಮನಿಯಲ್ಲಿ ಕಾರಿಗೆ ಟೋಲ್ ಇಲ್ಲ, ನಿಜ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಹೈವೇಗೆ ವಿನ್ಯೆಟ್ ಅನ್ನುವ ಪಾಸ್ ಬೇಕು. ಆಸ್ಟ್ರಿಯಾದಲ್ಲಿ ಹತ್ತು ದಿನದ್ದು ಸಿಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಒಂದು ದಿನ ಓಡಿಸಿದರೂ ವರ್ಷದ್ದೇ ಕೊಳ್ಳಬೇಕು, 40 ಫ್ರಾಂಕ್. ಇನ್ಸ್‌ಬ್ರುಕ್‌ನಿಂದ ವಡೂಜ್ ಕಡೆ ಹೋಗುವಾಗ ಆರ್ಲ್‌ಬರ್ಗ್ ಸುರಂಗ ಸಿಗುತ್ತದೆ, ಹತ್ತಿರ ಹತ್ತಿರ 14 ಕಿಲೋಮೀಟರ್ ಉದ್ದ, ಅದಕ್ಕೆ ಬೇರೆ ಟೋಲ್. ಹೈವೇ ಬದಿಯ ಶೌಚಾಲಯಕ್ಕೆ ಜರ್ಮನಿಯಲ್ಲಿ ಒಂದು ಯೂರೋ ಹಾಕಬೇಕಾಯಿತು, ಅಷ್ಟೇ ಬೆಲೆಯ ಕೂಪನ್ ಕೊಡುತ್ತಾರೆ, ಅಲ್ಲೇ ಚಹಾಕ್ಕೆ ಬಳಸಬಹುದು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಪೆಟ್ರೋಲ್ ಬಂಕಿನ ಅಂಗಡಿಯೇ ಗತಿ. ಅಂಥ ದಿನ ನಮ್ಮ ಕೈ ಹಿಡಿದದ್ದು ರೊಟ್ಟಿ, ಹಿಂಡಿ, ಬಂಕಿನ ಮೊಸರು. ಸಿಮ್ ಕೊಳ್ಳುವಾಗ ಸ್ವಿಟ್ಜರ್ಲೆಂಡಿನಲ್ಲಿ ನಡೆಯುತ್ತದಾ ಅಂತ ಕೇಳಿಯೇ ಕೊಳ್ಳಿ. ಅದು ಯುರೋಪಿಯನ್ ಯೂನಿಯನ್ನಿನಲ್ಲಿ ಇಲ್ಲ, ಎಷ್ಟೋ ಪ್ಯಾಕ್‌ಗಳು ಅಲ್ಲಿ ಸುಮ್ನೆ ಕೂತುಬಿಡುತ್ತವೆ. ಮ್ಯಾಪ್ ಇಲ್ಲದೆ ಮನೆಯವರ ಖಾತೆಯೇ ರದ್ದಾಗುತ್ತಿತ್ತು.

ಸ್ಟ್ರಾಸ್‌ಬರ್ಗ್‌ನ ವ್ಯವಸ್ಥೆ ಮಾತ್ರ ನಮ್ಮ ಊರಿಗೂ ಬರಬೇಕು ಅನ್ನಿಸಿತು. ಊರ ಹೊರಗೆ ಕಾರು ನಿಲ್ಲಿಸಿದರೆ ಆ ಪಾರ್ಕಿಂಗ್ ಚೀಟಿಯಲ್ಲೇ ಕಾರಿನಲ್ಲಿದ್ದವರೆಲ್ಲರಿಗೂ ಟ್ರಾಮ್ ಹೋಗಿ ಬರುವ ಟಿಕೆಟ್. ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಸಂಜೆ ಗಾಡಿ ನಿಲ್ಲಿಸಲು ಜಾಗ ಹುಡುಕಿದವರಿಗೆ ಇದರ ಬೆಲೆ ಗೊತ್ತು.

ಇನ್ನೊಂದು. ದೇಶ ದಾಟುವಾಗ ಚೆಕಿಂಗೇ ಇರುವುದಿಲ್ಲ ಅಂತ ಆಫೀಸಿನಲ್ಲಿ ಹೇಳಿ ಕಳಿಸಿದ್ದರು. ಆದರೆ 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಗಡಿಗಳಲ್ಲೂ ತಪಾಸಣೆ ಶುರು ಮಾಡಿತು. ಸಾಲ್ಜ್‌ಬರ್ಗ್‌ನಿಂದ ಇನ್ಸ್‌ಬ್ರುಕ್‌ಗೆ ಹೈವೇ ಹಿಡಿದರೆ ಜರ್ಮನಿಯ ಮೂಲೆ ದಾಟಿಯೇ ಹೋಗಬೇಕು. ಅಲ್ಲಿ ಪೊಲೀಸರು ನಿಲ್ಲಿಸಿ ಪಾಸ್‌ಪೋರ್ಟ್ ನೋಡಿದರು. ಡಿಕ್ಕಿಯ ಸೂಟ್‌ಕೇಸಿನಲ್ಲಿ ಇಟ್ಟುಕೊಳ್ಳಬೇಡಿ, ಕೈಗೆ ಸಿಗುವಂತಿರಲಿ.

ಹೋಗುವವರಿಗೆ: ಆ ಹುಡುಗ ಇರುವ ಹೊತ್ತು ಕೇಳಿಕೊಂಡು ಹೋಗಿ, ಮಧ್ಯಾಹ್ನ ಊಟಕ್ಕೆ ಹೋದರೆ ಬರುವುದು ತಡ. ವೀಸಾಕ್ಕೆ ಹೊರಡುವ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಬೇಸಿಗೆ ರಜೆಯ ಸ್ಲಾಟುಗಳು ಬೇಗ ಮುಗಿಯುತ್ತವೆ. ಫೈಲಿನ ಫೀ ಮಾತ್ರ ಕೊಡುತ್ತೇವೆ, ಹೋಟೆಲ್ ಮತ್ತು ಕಾರು ನಾವೇ ನೋಡಿಕೊಳ್ಳುತ್ತೇವೆ ಅಂತ ಮೊದಲ ದಿನವೇ ಹೇಳಿ. ಒಪ್ಪುತ್ತಾರೆ. ಹಳೆಯ ಪಾಸ್‌ಪೋರ್ಟ್ ಇದ್ದರೆ ಅದನ್ನೂ ಒಯ್ಯಿರಿ, ಕೇಳುತ್ತಾರೆ.