ಕೊಪ್ಪಳದ ಹಳೇ ಪುಸ್ತಕದ ಅಂಗಡಿ, ಒಮ್ಮೆ ಹೋಗ್ರಿ

ಬಸ್ ಸ್ಟ್ಯಾಂಡ್ ಕಡೆ ಇರೋ ಹಳೇ ಪುಸ್ತಕದ ಅಂಗಡಿ ಭಾಳ ಚಲೋ ಐತ್ರಿ, ರೇಟೂ ಕಡಿಮಿ. ಜೆನೆಟ್ ರಾಂಕಿನ್ ಬಗ್ಗೆ ಒಂದು ಪುಸ್ತಕ ಸಿಕ್ತು, ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಆರಿಸಿ ಬಂದ ಮೊದಲ ಹೆಣ್ಮಗಳು, 1916ರಾಗ ಮೊಂಟಾನಾದಿಂದ, ಆವಾಗ ಆ ದೇಶದ ಎಷ್ಟೋ ರಾಜ್ಯದಾಗ ಹೆಂಗಸರಿಗೆ ವೋಟೇ ಇರ್ಲಿಲ್ಲ! 1917ರಾಗ ಮೊದಲ ಮಹಾಯುದ್ಧಕ್ಕ ಅಮೆರಿಕ ಇಳಿಯೂದು ಬ್ಯಾಡ ಅಂತ ವೋಟ್ ಹಾಕಿದ 50 ಮಂದ್ಯಾಗ ಈಕಿನೂ ಒಬ್ಬಾಕಿ, ಆದ್ರ 1941ರಾಗ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮ್ಯಾಲೆ ಜಪಾನ್ ದಾಳಿ ಆದ ಮರುದಿನ 388 ಮಂದಿ ಯುದ್ಧಕ್ಕ ಹೂಂ ಅಂದಾಗ ಒಬ್ಬಾಕಿನೇ ಬ್ಯಾಡ ಅಂದ್ಲು, ಮಂದಿ ಸಿಟ್ಟಿಗೆ ಫೋನ್ ಬೂತ್‌ನಾಗ ಹೊಕ್ಕು ಪೊಲೀಸರನ್ನ ಕರೀಬೇಕಾತು. ಓದಿ ಮೈ ಜುಮ್ ಅಂತು. ಗಾಂಧೀಜಿ ವಿಚಾರ ಮೆಚ್ಚಿ ಭಾರತಕ್ಕೂ ಭಾಳ ಸಲ ಬಂದಾಕಿ ಅಂತ. ಅಂಗಡಿ ಕಾಕಾರು ಕುಂತು ಓದಾಕ ಬಿಡ್ತಾರ, ಓದಿದ್ದು ವಾಪಸ್ ಕೊಟ್ರ ಅರ್ಧ ರೊಕ್ಕ ಕೊಡ್ತಾರ, ಇದನ್ನಂತೂ ನಾ ಕೊಡೂದಿಲ್ಲ. ಜಾಗ ಸಣ್ಣದು, ಸಂಜಿಮುಂದ ರಶ್ ಇರ್ತದ, ಮುಂಜಾನೆನೇ ಹೋಗ್ರಿ.