ಮಗುವಿನ ಕ್ರೋಶಾ ಲಂಗಕ್ಕೆ ಹತ್ತಿ ನೂಲು ಹೇಗಿದೆ?

ಶಿರಸಿಯಲ್ಲಾಗಲಿ ಕಾರವಾರದಲ್ಲಾಗಲಿ, ಫ್ಯಾನ್ಸಿ ಅಂಗಡಿಗೆ ಹೋಗಿ ಕ್ರೋಶಾಕ್ಕೆ ನೂಲು ಬೇಕು ಎಂದರೆ ಸಾಮಾನ್ಯವಾಗಿ ಮುಂದಿಡುವುದು ಎರಡು: ಸೀರೆ ಕುಚ್ಚಿನ ಹೊಳಪಿನ ದಾರ, ಇಲ್ಲವೇ ಬಣ್ಣಬಣ್ಣದ ಉಲ್ಲನ್. ಮೂರು ನಾಲ್ಕು ವರ್ಷದ ಮಗುವಿನ ಲಂಗಕ್ಕೆ ಇವೆರಡೂ ಬೇಡ. ಕೇಳಿ ತೆಗೆಸಿಕೊಳ್ಳಬೇಕಾದದ್ದು 50 ಗ್ರಾಂ ಉಂಡೆಯಾಗಿ ಬರುವ ಮಧ್ಯಮ ದಪ್ಪದ ಹತ್ತಿ ನೂಲು. ಬೆಲೆ ಉಲ್ಲನ್‌ಗಿಂತ ಹೆಚ್ಚು, ಒಣಗುವುದು ನಿಧಾನ. ಆದರೂ ಕರಾವಳಿಯ ಮಗುವಿಗೆ ಇದೇ ಸರಿ.

ಉಲ್ಲನ್ ಎಂದು ಮಾರುವುದು ಬಹುಪಾಲು ಅಕ್ರಿಲಿಕ್, ಕುರಿಯ ಉಣ್ಣೆಯಲ್ಲ. ಅದು ಬೆವರು ಹೀರುವುದಿಲ್ಲ. ಏಪ್ರಿಲ್–ಮೇ ಸೆಕೆಯಲ್ಲಿ ಇಲಾಸ್ಟಿಕ್ ಒತ್ತುವ ಸೊಂಟದ ಸುತ್ತ ಬೆವರುಸಾಲೆ ಏಳುವುದು ಇದರಿಂದಲೇ. ಮಕ್ಕಳು ನೆಲದ ಮೇಲೆ ಜಾರಿ ಆಡುವುದರಿಂದ ಹಿಂಭಾಗದಲ್ಲಿ ಬೇಗ ಗುಳ್ಳೆಗುಳ್ಳೆಯಾಗಿ ನೂಲು ಏಳುತ್ತದೆ. ಇದಕ್ಕಿಂತ ದೊಡ್ಡ ಕಾರಣ ಬೆಂಕಿ. ಅಕ್ರಿಲಿಕ್ ಉರಿಯುತ್ತಾ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಗೂ ಬೆಂಕಿ ಹತ್ತುತ್ತದೆ, ಆದರೆ ಅದು ಕರಗಿ ಅಂಟುವುದಿಲ್ಲ. ದೀಪ, ಬಚ್ಚಲೊಲೆ ಇರುವ ಮನೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಕುಚ್ಚಿನ ದಾರವೋ ತೀರಾ ತೆಳು, ಜಾರುತ್ತದೆ, ಗಂಟು ನಿಲ್ಲುವುದಿಲ್ಲ.

ಹತ್ತಿ ನೂಲಿನಲ್ಲಿ ನೋಡಬೇಕಾದದ್ದು ಲೇಬಲ್ ಮೇಲಿನ ಮೀಟರ್ ಲೆಕ್ಕ. 50 ಗ್ರಾಂಗೆ 100ರಿಂದ 110 ಮೀಟರ್ ಇದ್ದರೆ ಲಂಗಕ್ಕೆ ಹೇಳಿ ಮಾಡಿಸಿದ ದಪ್ಪ. ‘4 ಪ್ಲೈ’, ‘8 ಪ್ಲೈ’ ಎಂಬುದನ್ನು ನಂಬಿ ಕೊಳ್ಳಬೇಡಿ. ಪ್ಲೈ ಎಂದರೆ ಎಷ್ಟು ಎಳೆ ಹುರಿಗೊಳಿಸಿದ್ದಾರೆ ಎಂಬುದಷ್ಟೇ, ಎಳೆಯೇ ತೆಳುವಾಗಿದ್ದರೆ ನೂಲೂ ತೆಳುವೇ. 50 ಗ್ರಾಂಗೆ 60–70 ಮೀಟರ್ ಮಾತ್ರ ಇರುವ ದಪ್ಪ ನೂಲಿನಲ್ಲಿ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಲಂಗ ಭಾರವಾಗಿ ಸೊಂಟದಿಂದ ಜಾರುತ್ತಲೇ ಇರುತ್ತದೆ. ಮೆರ್ಸರೈಸ್ ಮಾಡಿದ ನೂಲು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಕಾಸ್ಟಿಕ್ ಸೋಡಾದಲ್ಲಿ ಸಂಸ್ಕರಿಸಿದ ಈ ನೂಲಿಗೆ ಹೊಳಪಿದೆ, ಗಟ್ಟಿ, ಬಣ್ಣವೂ ಚೆನ್ನಾಗಿ ಹಿಡಿದಿರುತ್ತದೆ. ಸಾದಾ ಹತ್ತಿ ಇನ್ನೂ ಮೆತ್ತಗಿರುತ್ತದೆ, ಆದರೆ ಅದರಲ್ಲಿ ಜುಂಗು ಹೆಚ್ಚು. ಕೊಳ್ಳುವ ಮೊದಲು ಉಂಡೆಯ ತುದಿಯನ್ನು ಹುರಿಯ ವಿರುದ್ಧ ದಿಕ್ಕಿಗೆ ಬೆರಳಲ್ಲಿ ತಿರುವಿ ನೋಡಿ: ಎಳೆಗಳು ತಟ್ಟನೆ ಬಿಚ್ಚಿ ಅಗಲವಾದರೆ ಕ್ರೋಶಾ ಕಡ್ಡಿಯ ತುದಿ ಪ್ರತಿ ಸಲ ನೂಲನ್ನು ಸೀಳುತ್ತದೆ, ಆ ಉಂಡೆ ಬೇಡ.

ಬಣ್ಣದ ಪರೀಕ್ಷೆ ಮನೆಯಲ್ಲಿ ಆಗಬೇಕು. ಒಂದು ಗೇಣು ನೂಲನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ಹಿಡಿಯಿರಿ. ಕೆಂಪು, ಕಡುನೀಲಿ ಬಿಡುವುದೇ ಹೆಚ್ಚು. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತಿದೆ. ಅಂಗಡಿಯಿಂದ ಬಂದ ನೂಲಿಗೆ ಅದು ಕೆಲಸ ಮಾಡುವುದಿಲ್ಲ. ಬಣ್ಣ ಬಿಡುವ ನೂಲನ್ನು ಬಿಳಿಯ ಜೊತೆ ಪಟ್ಟೆಗೆ ಸೇರಿಸದಿರುವುದೊಂದೇ ದಾರಿ. ಇನ್ನು ನಮ್ಮ ಕಡೆ ಅಡಿಕೆ ಚೊಗರು, ಮುರುಗಲು ಹಣ್ಣಿನ ರಸ ಮಕ್ಕಳ ಬಟ್ಟೆಗೆ ತಾಗದೆ ಉಳಿಯುವುದು ಕಷ್ಟ. ದಿನಬಳಕೆಯ ಲಂಗಕ್ಕೆ ಕೆನೆಬಣ್ಣಕ್ಕಿಂತ ಇಟ್ಟಿಗೆ ಬಣ್ಣವೋ ಸಾಸಿವೆ ಹಳದಿಯೋ ವಾಸಿ.

ಕಡ್ಡಿ 3.5 ಮಿ.ಮೀ. ಇರಲಿ. ಕುಚ್ಚು ಹೆಣೆಯುವ ತೆಳು ಉಕ್ಕಿನ ಕಡ್ಡಿ ಇದಕ್ಕೆ ಬರುವುದಿಲ್ಲ. ಸಮುದ್ರದ ಉಪ್ಪುಗಾಳಿಗೆ ಅದರ ಲೇಪ ಹೋದರೆ ತುಕ್ಕು ಹಿಡಿದು ನೂಲಿಗೆ ಕಲೆ ಬಿಡುತ್ತದೆ. ಅಲ್ಯೂಮಿನಿಯಂ ಕಡ್ಡಿಯೇ ಮೇಲು. ಕಡ್ಡಿಯ ಮೇಲಿನ ನಂಬರ್ ಬಿಟ್ಟು ಮಿಲಿಮೀಟರ್ ನೋಡಿ.

ನೂಲಿನ ಗುಣ ತಿಳಿಯುವುದು ಲಂಗ ಹೆಣೆದಾಗಲೇ, ಆದ್ದರಿಂದ ಲೆಕ್ಕ ಸಮೇತ ಹೇಳುತ್ತೇವೆ. ಹೆಣಿಗೆಯೆಲ್ಲ ಕಂಬ: ಕಡ್ಡಿಗೆ ಒಂದು ಸುತ್ತು ನೂಲು ಹಾಕಿ, ಒಳಗಿಂದ ಎಳೆದು, ಎರಡೆರಡು ಕುಣಿಕೆಯಾಗಿ ಬಿಡಿಸುವುದು. ಅಮೆರಿಕದ ವಿನ್ಯಾಸಗಳಲ್ಲಿ ಇದು ಡಬಲ್ ಕ್ರೋಶೆ, ಬ್ರಿಟನ್ನಿನವುಗಳಲ್ಲಿ ಟ್ರೆಬಲ್. ಮೊದಲು 15 ಸೆಂ.ಮೀ. ಚೌಕದ ತುಂಡು ಹೆಣೆದು, ಒಗೆದು, ಒಣಗಿಸಿ, ನಡುವಿನ 10 ಸೆಂ.ಮೀ. ಅಳೆಯಿರಿ. 18 ಕಂಬ, 9 ಸಾಲು ಬರಬೇಕು. ಒಗೆಯದೆ ಅಳೆದರೆ ಪ್ರಯೋಜನವಿಲ್ಲ, ಹತ್ತಿ ಮೊದಲ ನೀರಿಗೆ ಕುಗ್ಗುತ್ತದೆ. 20 ಕಂಬ ಬಂದರೆ 4 ಮಿ.ಮೀ. ಕಡ್ಡಿ ಹಿಡಿಯಿರಿ.

ಸೊಂಟ 52, ಟೈಲರ್‌ಗಳು ಹೇಳುವ ಸೀಟಿನ ಅಳತೆ 57 ಸೆಂ.ಮೀ. ಇರುವ ಮಗುವಿಗೆ ಲೆಕ್ಕ ಹೀಗೆ. ಲಂಗ ಸೀಟು ದಾಟಿ ಮೇಲೇರಬೇಕು, ಹಾಗಾಗಿ ಸೊಂಟದ ಅಳತೆಗೆ ಶುರುಮಾಡುವಂತಿಲ್ಲ. 104 ಚೈನ್ ಹಾಕಿ ತಿರುಚದಂತೆ ಸುತ್ತಾಗಿ ಸೇರಿಸಿ. ಚೈನ್ ಮಾತ್ರ 4 ಮಿ.ಮೀ. ಕಡ್ಡಿಯಲ್ಲಿ ಹಾಕಿ, ಅದು ಬಿಗಿಯಾದರೆ ಮೇಲಿನ ಸಾಲು ಎಷ್ಟು ಸಡಿಲವಿದ್ದರೂ ಲಂಗ ಸೀಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಾಲ್ಕು ಸುತ್ತು ಕಂಬ ಹೆಣೆದು ಪಟ್ಟಿಯನ್ನು ಒಳಕ್ಕೆ ಮಡಚಿ, ಚೈನಿನ ಕುಣಿಕೆಯನ್ನೂ ಮೇಲಿನ ಸಾಲನ್ನೂ ಕೂಡಿಸಿ ಒಂದು ಸುತ್ತು ಸಿಂಗಲ್ ಕ್ರೋಶೆ (ಕಡ್ಡಿಗೆ ನೂಲು ಸುತ್ತದೆ ಹೆಣೆಯುವ ಗಿಡ್ಡ ಕಂಬ, ಇದು ಅಮೆರಿಕದ ಹೆಸರು) ಹಾಕಿ. ಕೊನೆಯ 6 ಕಂಬಗಳಲ್ಲಿ ಹೊರಪದರ ಮಾತ್ರ ಹೆಣೆದರೆ ಇಲಾಸ್ಟಿಕ್ ತೂರಿಸಲು ಬಾಯಿ ಉಳಿಯುತ್ತದೆ. ಅದನ್ನು ಹೊಲಿದು ಮುಚ್ಚಬೇಡಿ, ಇಲಾಸ್ಟಿಕ್ ನೂಲಿಗಿಂತ ಮೊದಲೇ ಸೋಲುತ್ತದೆ. 2 ಸೆಂ.ಮೀ. ಅಗಲದ್ದು 50 ಸೆಂ.ಮೀ. ಸಾಕು, ತುದಿಗಳ ಜೋಡಣೆಗೆ ಬೇಕಾದ 2 ಸೆಂ.ಮೀ. ಅದರಲ್ಲೇ ಸೇರಿದೆ.

ಪಟ್ಟಿಯ ಕೆಳಗೆ ಒಟ್ಟು 22 ಸುತ್ತು. 3ನೆಯದರಲ್ಲಿ ಪ್ರತಿ 8ನೇ ಮನೆಗೆ (ಹಿಂದಿನ ಸುತ್ತಿನ ಕಂಬದ ತಲೆಗೆ) ಎರಡು ಕಂಬ ಹಾಕಿದರೆ 117 ಆಗುತ್ತದೆ. 7ನೆಯದರಲ್ಲಿ ಪ್ರತಿ 9ಕ್ಕೆ, 130. 11ನೆಯದರಲ್ಲಿ ಪ್ರತಿ 10ಕ್ಕೆ, 143. 15ನೆಯದರಲ್ಲಿ ಪ್ರತಿ 11ಕ್ಕೆ, 156. ಉಳಿದ ಸುತ್ತುಗಳು ಸಾದಾ. ಹೆಚ್ಚಿಸುವ ಜಾಗ ಪ್ರತಿ ಸಲ ಒಂದರ ಮೇಲೊಂದು ಬಂದರೆ ಲಂಗದ ಮೇಲೆ ಗೆರೆ ಎದ್ದು ಕಾಣುತ್ತದೆ. ಅದಕ್ಕೆ ಶುರುವನ್ನು ನಾಲ್ಕೈದು ಮನೆ ಆಚೀಚೆ ಮಾಡಿ. ಕೆಳಗಿನ ಅಂಚಿಗೆ ಎರಡು ಮನೆ ಬಿಟ್ಟು ಒಂದೇ ಮನೆಗೆ 5 ಕಂಬ (ಇದೇ ಒಂದು ಚಿಪ್ಪು), ಮತ್ತೆ ಎರಡು ಬಿಟ್ಟು ಒಂದು ಸಿಂಗಲ್ ಕ್ರೋಶೆ. 156ರಲ್ಲಿ ಸರಿಯಾಗಿ 26 ಚಿಪ್ಪು ಕೂರುತ್ತವೆ. ಒಟ್ಟು ಉದ್ದ 27–28 ಸೆಂ.ಮೀ.

ಕೆಡುವುದು ಹೆಚ್ಚಾಗಿ ಸುತ್ತು ಸೇರುವಲ್ಲಿ. ಮೂರು ಚೈನ್ ಎತ್ತಿ ಅದನ್ನು ಮೊದಲ ಕಂಬವೆಂದು ಎಣಿಸಿದರೆ, ಸುತ್ತು ಮುಗಿದಾಗ ಜೋಡಿಸಬೇಕಾದದ್ದು ಮೂರನೇ ಚೈನಿನ ತಲೆಗೆ. ಪಕ್ಕದ ಕಂಬಕ್ಕೆ ಜೋಡಿಸಿದರೆ ಸುತ್ತಿಗೊಂದು ಮನೆ ಕಳೆದು ಲಂಗ ಕೆಳಗೆ ಕಿರಿದಾಗುತ್ತಾ ಬರುತ್ತದೆ. ಪ್ರತಿ ಸುತ್ತಿನ ಕೊನೆಗೆ ಎಣಿಸಿಬಿಡಿ. ಜೋಡಣೆಯ ಗೆರೆ ಓರೆಯಾಗಿ ಸುತ್ತಿಕೊಂಡು ಹೋಗುವುದು ನೂಲಿನ ದೋಷವಲ್ಲ, ಒಂದೇ ಮುಖದಿಂದ ಹೆಣೆಯುತ್ತಾ ಹೋದರೆ ಹಾಗಾಗುತ್ತದೆ. ಸುತ್ತು ಮುಗಿದಂತೆಲ್ಲ ಕೆಲಸವನ್ನು ತಿರುವಿ ಹೆಣೆದರೆ ಗೆರೆ ನೆಟ್ಟಗಿರುತ್ತದೆ. ಕಂಬಗಳ ಸಂದಿನಲ್ಲಿ ಮೈ ಕಾಣುವುದರಿಂದ ಒಳಗೆ ತೆಳು ಕಾಟನ್ ಲೈನಿಂಗ್ ಅಥವಾ ಚಡ್ಡಿ ಬೇಕೇ ಬೇಕು.

ಹತ್ತಿಯ ನಿಜವಾದ ಕೊರತೆ ಮಳೆಗಾಲದಲ್ಲಿ ಗೊತ್ತಾಗುತ್ತದೆ. ನೀರು ಕುಡಿದ ಲಂಗವನ್ನು ಹಗ್ಗಕ್ಕೆ ತೂಗಿಹಾಕಿದರೆ ತನ್ನ ಭಾರಕ್ಕೇ ಉದ್ದವಾಗಿ ಇಳಿಯುತ್ತದೆ. ಟವೆಲಿನಲ್ಲಿ ಸುತ್ತಿ ಒತ್ತಿ, ಮಂಚದ ಮೇಲೋ ಚಾಪೆಯ ಮೇಲೋ ಹರವಿ ಫ್ಯಾನ್ ಹಾಕಿ. ಜೂನ್–ಜುಲೈನಲ್ಲಿ ಹಾಗೆ ಮಾಡಿದರೂ ತಡವಾಗುತ್ತದೆ, ಕೊನೆಯವರೆಗೂ ಒಣಗದೆ ಉಳಿಯುವುದು ಸೊಂಟದ ಎರಡು ಪದರದ ಪಟ್ಟಿ, ಬೂಷ್ಟು ಬರುವುದೂ ಅಲ್ಲೇ. ಬಚ್ಚಲೊಲೆಯ ಮೇಲೆ ಒಣಹಾಕುವ ಮನೆಗಳಲ್ಲಿ ಹತ್ತಿ ಬಿಸಿಗೆ ಕರಗುವುದಿಲ್ಲ ಎಂಬ ಸಮಾಧಾನವಿದ್ದರೂ ಇಲಾಸ್ಟಿಕ್ ಹಾಳಾಗುತ್ತದೆ, ಅದನ್ನು ತೆಗೆದೇ ಇಡಿ. ಇಸ್ತ್ರಿಯನ್ನು ಚಿಪ್ಪುಗಳ ಮೇಲೆ ಹಿಂದಿನಿಂದ ಲಘುವಾಗಿ ಆಡಿಸಿದರೆ ಸಾಕು, ಒತ್ತಿದರೆ ಕಂಬ ಚಪ್ಪಟೆಯಾಗುತ್ತದೆ.

ನೂಲು ಸುಮಾರು 180ರಿಂದ 200 ಮೀಟರ್ ಹಿಡಿಯುತ್ತದೆ. ಎರಡು ಉಂಡೆಯಲ್ಲಿ ಮುಗಿಯುವ ಲೆಕ್ಕವಾದರೂ ಮೂರು ಕೊಳ್ಳಿ, ಮೂರರ ಮೇಲೂ ಒಂದೇ ಲಾಟ್ ನಂಬರ್ ಇರಲಿ. ಲಾಟ್ ಬದಲಾದರೆ ಅಂಗಡಿಯ ಬೆಳಕಿನಲ್ಲಿ ಒಂದೇ ಕಂಡ ಬಣ್ಣ ಬಿಸಿಲಿನಲ್ಲಿ ಪಟ್ಟೆಯಾಗಿ ಕಾಣುತ್ತದೆ. ಮೂರನೇ ಉಂಡೆ ಮುಂದಿನ ವರ್ಷಕ್ಕೆ ಬೇಕಾಗುತ್ತದೆ. ಲಂಗ ಮೇಲಿನಿಂದ ಕೆಳಕ್ಕೆ ಹೆಣೆದಿರುವುದರಿಂದ ಚಿಪ್ಪಿನ ಸಾಲು ಬಿಚ್ಚಿ, 156 ಕಂಬದ ನಾಲ್ಕು ಸುತ್ತು ಸೇರಿಸಿದರೆ ಉದ್ದ ನಾಲ್ಕೂವರೆ ಸೆಂ.ಮೀ.ನಷ್ಟು ಹೆಚ್ಚುತ್ತದೆ. ಆ ಉಂಡೆಯಿಂದ 50 ಮೀಟರ್‌ನಷ್ಟನ್ನು ಸಡಿಲ ಲಡಿಯಾಗಿ ಸುತ್ತಿ, ನಾಲ್ಕು ಕಡೆ ಕಟ್ಟಿ, ಲಂಗದ ಜೊತೆಗೇ ಪ್ರತಿ ಸಲ ಒಗೆಯುತ್ತಾ ಬನ್ನಿ. ಎರಡೂ ಒಂದೇ ಸಮ ಮಾಸುತ್ತವೆ, ಆಮೇಲೆ ಸೇರಿಸಿದ ಸುತ್ತು ಬೇರೆ ಎಂದು ಕಾಣುವುದಿಲ್ಲ.